ಕೆಂದಿ ಎಂಬ ಹೆಸರಿನಲ್ಲಿ

ಹೊಳೆನರಸೀಪುರ
12 ಮಾರ್ಚ್ 2003

ಪ್ರೇಮ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿದ ಕೂಡಲೇ ಇದನ್ನು ಒಲೆಗೆ ಹಾಕಿಲ್ಲವಾದರೆ ಮುಂದೆ ಓದು. ಒಂಬತ್ತು ವರ್ಷದಲ್ಲಿ ನಾಲ್ಕು ಸಲ ನಿನಗೆ ಕಾಗದ ಶುರುಮಾಡಿ ಹರಿದು ಹಾಕಿದ್ದೇನೆ. ಈ ಸಲ ಹರಿಯದೇ ಇರುವುದಕ್ಕೆ ಕಾರಣ ಒಂದು ಹಸು.

ಹೋದ ವಾರ ಹಾಸನದ ಮೀಟಿಂಗಿನಲ್ಲಿ ನಿಮ್ಮ ಕಡೆಯ ಹಾಲಿನ ಸಂಘದವರೊಬ್ಬರು ಊಟದ ಹೊತ್ತಿಗೆ ನನ್ನ ಪಕ್ಕ ಕೂತಿದ್ದರು. ಕರು ಹಾಕಿದ ಹಸುವಿಗೆ ಗರ್ಭಚೀಲ ಹೊರಗೆ ಬಂದಿತ್ತಂತೆ. ಹಿರೀಸಾವೆಯ ಪಶುವೈದ್ಯ ಪರೀಕ್ಷಕಿ ಅದನ್ನು ತೊಳೆದು ಒಳಗೆ ಸೇರಿಸಿ, ಒಂದೂ ಹೊಲಿಗೆ ಹಾಕದೆ, ಬರೀ ಹಗ್ಗ ಕಟ್ಟಿ ನಿಲ್ಲಿಸಿದರಂತೆ. ಹಸು ಈಗ ಎರಡು ಹೊತ್ತೂ ಹಾಲು ಕೊಡುತ್ತಿದೆಯಂತೆ. ಕೇಳುತ್ತಾ ಕೇಳುತ್ತಾ ನನಗೆ ಅನ್ನ ಕಲಸುವುದು ಮರೆತುಹೋಯಿತು. ನಾನು ಹೊಲಿಗೆ ಹಾಕುವ ಇಂಥ ಹಸುಗಳಲ್ಲಿ ಮೂರಕ್ಕೊಂದು ತಿಣುಕಿ ತಿಣುಕಿ ಹೊಲಿಗೆ ಕಿತ್ತುಕೊಳ್ಳುತ್ತದೆ.

ಆ ಪರೀಕ್ಷಕಿ ಯಾರೆಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ಇಲ್ಲಿ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಇಂಟರ್ನೆಟ್ ಅಂಗಡಿ ಬಂದಿದೆ. ರಾಜ್ಯದ ಮುನ್ನೂರು ಚಿಲ್ಲರೆ ಪಶುವೈದ್ಯರು ಇಂಟರ್ನೆಟ್ಟಿನಲ್ಲೊಂದು ಕೂಟ ಮಾಡಿಕೊಂಡಿದ್ದೇವೆ. ಒಬ್ಬರು ಬರೆದದ್ದು ಅಷ್ಟೂ ಜನಕ್ಕೆ ಹೋಗುತ್ತದೆ. ಅದನ್ನು ನೋಡಿಕೊಳ್ಳುವವರು ಹಾಸನದ ಡಾ. ಸಂಪತ್ಕುಮಾರ. ನಿನ್ನ ಹಗ್ಗದ ವಿಷಯ ಅಲ್ಲಿ ಹಾಕಿದರೆ ಎಷ್ಟು ಹಸು ಉಳಿಯುತ್ತವೆ ಯೋಚಿಸು. ಹೇಗೆ ಕಟ್ಟಿದೆ ಎಂದು ಬರೆಯುತ್ತೀಯಾ?

ಕೇಳುವ ಮುಖವಿಲ್ಲದಿದ್ದರೂ ಕೇಳುತ್ತಿರುವ,
ಹಂಸ

•

ಹಿರೀಸಾವೆ
24 ಮಾರ್ಚ್ 2003

ಡಾ. ಹಂಸ ಅವರಿಗೆ ನಮಸ್ಕಾರ.

ತಮ್ಮ ಕಾಗದ ತಲುಪಿತು. ಅರಕಲಗೂಡಿನ ಮಾತನ್ನು ತಾವು ಎತ್ತಿಲ್ಲ. ತಾವು ಎತ್ತದಿದ್ದರೆ ನಾನೇ ಎತ್ತಿ ಪಕ್ಕಕ್ಕಿಡುತ್ತೇನೆ, ಇಲ್ಲವಾದರೆ ಮುಂದಿನದು ಬರೆಯಲು ಕೈ ಓಡುವುದಿಲ್ಲ.

1994ರ ಜುಲೈ. ತಾವು ಹೊಸದಾಗಿ ಬಂದ ಡಾಕ್ಟರು, ನಾನು ತಮ್ಮ ಕೈಕೆಳಗಿನ, ಮೂರು ವರ್ಷ ಹಳೆಯ ಪರೀಕ್ಷಕಿ. ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿತ್ತು. ತಾವು ಒಮ್ಮೆ ಕೈ ಹಾಕಿ ಹಿಂದೆ ಸರಿದಿರಿ. ಎರಡು ಗಂಟೆ ಒದ್ದಾಡಿ ಕರುವನ್ನು ತಿರುಗಿಸಿ ತೆಗೆದದ್ದು ನಾನು. ನಾನು ಬಾವಿಯ ಹತ್ತಿರ ತೋಳು ತೊಳೆಯಲು ಹೋದಾಗ ಪತ್ರಿಕೆಯವರು ಬಂದರು. ಮಾರನೆಯ ದಿನ ಕರು ಎತ್ತಿಕೊಂಡ ತಮ್ಮ ಫೋಟೋ, ಕೆಳಗೆ ತಮ್ಮ ಹೆಸರು. ಪತ್ರಿಕೆಯವರು ತಪ್ಪು ಮಾಡಿದ್ದಿರಬಹುದು. ಅದನ್ನು ತಾವು ಒಂದು ದಿನವೂ ತಿದ್ದಲಿಲ್ಲ. ಪಿ.ಯು.ಸಿ.ಯಲ್ಲಿ ನನ್ನ ಪಕ್ಕ ನಿಂತು ಕಪ್ಪೆ ಕೊಯ್ಯುವಾಗ ತಲೆ ತಿರುಗಿ ಬೀಳುತ್ತಿದ್ದ ಹುಡುಗಿಯೂ ತಾವೇ, ಆ ಕಪ್ಪೆಯನ್ನೂ ನಾನೇ ಕೊಯ್ದವಳು. ಆಗ ನನಗೆ ಬೇಜಾರಾಗಿರಲಿಲ್ಲ.

ಆಯಿತು. ಈಗ ಹಗ್ಗ.

ಹಸುವನ್ನು ಇಳಿಜಾರಿನಲ್ಲಿ, ಹಿಂಭಾಗ ಮೇಲಾಗುವಂತೆ ನಿಲ್ಲಿಸಬೇಕು. ಚೀಲವನ್ನು ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆದು, ಅಂಚಿನಿಂದ ಶುರುಮಾಡಿ ಅಂಗೈಯಲ್ಲಿ ಒಳಗೆ ತಳ್ಳಬೇಕು, ಬೆರಳಿನಲ್ಲಿ ಅಲ್ಲ. ಆಮೇಲೆ ಹಳೆಯ ಸೀರೆ ಸೀಳಿ ಹೆಣೆದ ಹಗ್ಗವನ್ನು ಕೊರಳಿಗೆ ಹಾಕಿ, ಬೆನ್ನ ಮೇಲೆ ತಂದು, ಬಾಲದ ಎರಡೂ ಪಕ್ಕ ಇಳಿಸಿ, ಕೆಚ್ಚಲಿನ ಪಕ್ಕದಿಂದ ಮುಂದಕ್ಕೆ ತರುವುದು. ಕೆಳಗೆ ಚಿತ್ರ ಬರೆದಿದ್ದೇನೆ. ಹಸು ತಿಣುಕಿ ಬೆನ್ನು ಬಾಗಿಸಿದಾಗ ಹಗ್ಗ ತಾನೇ ಬಿಗಿಯಾಗಿ ಚೀಲವನ್ನು ತಡೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗಂಟು. ಕಗ್ಗಂಟು ಹಾಕಲೇಬಾರದು. ಹಸು ಮಲಗಿದಾಗ ಎರಡು ಬೆರಳು ಆಡುವಷ್ಟು ಸಡಿಲವಾಗಬೇಕು, ಇಲ್ಲವಾದರೆ ಹಗ್ಗ ಕೊರೆದು ಬಾತುಕೊಳ್ಳುತ್ತದೆ, ಗಂಜಲವೂ ಕಟ್ಟುತ್ತದೆ. ಈ ಗಂಟು ನನ್ನದಲ್ಲ. ಹಸುವಿನ ಯಜಮಾನ ಬೋರಪ್ಪ ಹುಲ್ಲಿನ ಗಾಡಿಗೆ ಹಾಕುವ ಗಂಟು. ಅವನ ಕೆಂದಿಗೇ ಮೊದಲು ಕಟ್ಟಿದ್ದು. ಗಂಟಿನ ಚಿತ್ರವನ್ನೂ ಬಿಡಿಸಿದ್ದೇನೆ.

ತಮ್ಮ ಕೂಟಕ್ಕೆ ಹಾಕಿ, ಆದರೆ ನನ್ನ ಹೆಸರು ಬೇಡ. ಡಾಕ್ಟರಿಲ್ಲದೆ ಇಂಜೆಕ್ಷನ್ ಕೊಟ್ಟೆನೆಂದು ಹೋದ ವರ್ಷ ಮೇಲಿನವರು ನೋಟಿಸು ಕೊಟ್ಟಿದ್ದಾರೆ. ಇನ್ನೊಂದು ಬಂದರೆ ಕೆಲಸ ಉಳಿಯುವುದಿಲ್ಲ.

ಇಂತಿ ವಂದನೆಗಳೊಂದಿಗೆ,
ಪ್ರೇಮಕುಮಾರಿ
ಪಶುವೈದ್ಯ ಪರೀಕ್ಷಕಿ

•

ಹೊಳೆನರಸೀಪುರ
20 ಏಪ್ರಿಲ್ 2003

ಪ್ರೇಮ,

ನಿನ್ನ ಇನ್‌ಲ್ಯಾಂಡ್ ಪತ್ರದ ಮೇಲಿನ ಅರ್ಧಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಕೆಳಗಿನ ಅರ್ಧಕ್ಕೆ ಮುನ್ನೂರು ಜನ ಉತ್ತರ ಬರೆಯುತ್ತಿದ್ದಾರೆ.

ನಿನಗಾಗಿ ಬೇರೆಯಾಗಿ ಕೂಟಕ್ಕೆ ಸೇರುವಾಗ ಕಂಪ್ಯೂಟರು ಹೆಸರು ಕೇಳಿತು. ಏನು ಹಾಕಿದರೂ ಒಪ್ಪಿಕೊಳ್ಳುತ್ತದೆ. ನಿನ್ನದು ಬೇಡವೆಂದೆ. ನನ್ನದು ಹಾಕಿದರೆ ಅರಕಲಗೂಡೇ ಮತ್ತೊಂದು ಸಲ ಆಗುತ್ತಿತ್ತು. ಏನೂ ತೋಚದೆ ‘ಕೆಂದಿ’ ಎಂದು ಹಾಕಿದೆ. ಉದ್ದವಾಯಿತೆಂದು ಅಲ್ಲಲ್ಲಿ ಕತ್ತರಿಸಿ ಇಂಗ್ಲಿಷಿಗೆ ತಿರುಗಿಸಿದೆ, ಹಗ್ಗದ ಚಿತ್ರವನ್ನೂ ಅಂಗಡಿಯವರಿಂದ ಹಾಕಿಸಿದೆ.

ಎರಡೇ ದಿನ. ಧಾರವಾಡದವರೊಬ್ಬರು ಕಟ್ಟಿ ನೋಡಿ, ‘ಮಾನ್ಯ ಡಾ. ಕೆಂದಿಯವರೇ, ನಿಮ್ಮ ಕೈಗೆ ನಮಸ್ಕಾರ’ ಎಂದು ಬರೆದರು. ಬೀದರಿನವರು ಕೆಂದಿ ಸಾರ್ ಯಾವ ಕಾಲೇಜಿನಲ್ಲಿ ಓದಿದ್ದು ಎಂದು ಕೇಳಿದ್ದಾರೆ. ಇನ್ನೊಬ್ಬರಿಗೆ ಕೆಂದಿ ಎಂಬುದು ಪಂಜಾಬಿನ ಮನೆತನದ ಹೆಸರೆಂದು ಗುಮಾನಿ. ನಾನು ಅಂಗಡಿಯಲ್ಲಿ ಒಬ್ಬಳೇ ಕೂತು ನಕ್ಕಿದ್ದಕ್ಕೆ ಪಕ್ಕದವರು ಎದ್ದು ಬೇರೆ ಕುರ್ಚಿಗೆ ಹೋದರು.

ಹಂಸ

•

ಹಿರೀಸಾವೆ
9 ಜೂನ್ 2003

ಡಾ. ಹಂಸ ಅವರಿಗೆ,

ಕಾಗದವನ್ನು ಬೋರಪ್ಪನಿಗೆ ಓದಿ ಹೇಳಿದೆ. ಅವನು ಹಸುವಿನ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ನೋಡಿ, “ಅಲ್ಲ ಕಣವ್ವ, ಇವ್ಳು ಯಾವಾಗ ಡಾಕ್ಟ್ರಾದ್ಲು? ನಂಗೊಂದ್ ಮಾತು ಏಳ್ಲಿಲ್ವಲ್ಲ” ಅಂದ. ಆವತ್ತಿನಿಂದ ದಿನಾ ಬೆಳಿಗ್ಗೆ ಅವಳನ್ನು ಡಾಕ್ಟ್ರಮ್ಮ ಎಂದು ಕರೆದೇ ಹಾಲು ಕರೆಯುವುದು.

ಒಂದು ಮಾತು ಹೇಳಬೇಕು. ಹನ್ನೆರಡು ವರ್ಷದ ನೌಕರಿಯಲ್ಲಿ ನನ್ನ ಮಾತನ್ನು ಡಿಗ್ರಿ ಕೇಳದೆ ಕೇಳಿದ್ದು ಇದೇ ಮೊದಲು. ಹೆಸರಿಲ್ಲದಿರುವುದು ಇಷ್ಟು ತಂಪಾಗಿರುತ್ತದೆಂದು ಗೊತ್ತಿರಲಿಲ್ಲ. ನಾನು ಬರೆದದ್ದೆಂದು ಗೊತ್ತಾಗಿದ್ದರೆ ಅದೇ ಧಾರವಾಡದವರು ಒಂದು ಸಾಲು ಓದುವ ಮೊದಲೇ ಮುಂದಕ್ಕೆ ಹೋಗುತ್ತಿದ್ದರು.

ಗಂಟಿನ ವಿಷಯ ಯಾರೂ ಏನೂ ಕೇಳಲಿಲ್ಲವೇ? ಕಷ್ಟದ್ದು ಅದೇ.

ಪ್ರೇಮಕುಮಾರಿ

•

ಹೊಳೆನರಸೀಪುರ
2 ನವೆಂಬರ್ 2003

ಪ್ರೇಮ,

ನಿನ್ನ ಜೂನ್ ಕಾಗದಕ್ಕೆ ನಾನು ಉತ್ತರಿಸಲಿಲ್ಲ. ಗಂಟಿನ ವಿಷಯ ಕೇಳಿದ್ದೆಯಲ್ಲ, ಅದಕ್ಕೇ.

ಆವತ್ತು ಕತ್ತರಿಸಿದೆ ಎಂದು ಬರೆದಿದ್ದೆನಲ್ಲ, ಕತ್ತರಿಸಿದ್ದು ಗಂಟನ್ನೇ. ಹುಲ್ಲಿನ ಗಾಡಿ, ಬೋರಪ್ಪ, ಎರಡು ಬೆರಳು, ಇವೆಲ್ಲ ಇಂಗ್ಲಿಷಿನಲ್ಲಿ ಹಳ್ಳಿ ಕತೆಯಂತೆ ಕಂಡೀತೆಂದು ‘ಗಂಟು ಹಾಕುವುದು’ ಎಂದಷ್ಟೇ ಬರೆದೆ. ಗಂಟಿನ ಚಿತ್ರವನ್ನೂ ಬಿಟ್ಟೆ. ನೀನು ಕೇಳಿದ ಮೇಲೆ ತಿದ್ದಬಹುದಿತ್ತು. ನಾಳೆ ನಾಳೆ ಎನ್ನುತ್ತಾ ಐದು ತಿಂಗಳು ಮಾಡಿದೆ.

ಈಗ ಕೇಳು. ಡಾ. ಮುರಳೀಕೃಷ್ಣ ಎಂಬವರು ನಮ್ಮ ಕೂಟದವರೇ. ಅಕ್ಟೋಬರಿನಲ್ಲಿ ಒಂದು ಪಶುವೈದ್ಯ ಪತ್ರಿಕೆಯಲ್ಲಿ ನಿನ್ನ ಹಗ್ಗವನ್ನು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದ್ದಾರೆ. ಗಂಟು ಯಾವುದೆಂದು ಇರಲಿಲ್ಲವಲ್ಲ, ತಾವೇ ಚೆನ್ನಾದ ಕಗ್ಗಂಟೊಂದನ್ನು ಬರೆದಿದ್ದಾರೆ. ಅದನ್ನು ನೋಡಿ ಯಾರೋ ಕಟ್ಟಿ, ಹಸು ರಾತ್ರಿಯೆಲ್ಲ ಮಲಗಿ, ಹಗ್ಗ ಕೊರೆದು, ನಂಜಾಗಿ, ಹಸು ಹೋಗಿದೆ.

ನಾನು ಕೆಂದಿಯ ಹೆಸರಿನಲ್ಲಿ ತಿದ್ದುಪಡಿ ಬರೆದು ಕಳಿಸಿದೆ. ಅದು ಹಾಗೆಯೇ ವಾಪಸು ಬಂತು. ಹಸು ಸತ್ತ ಮೇಲೆ ಸಂಪತ್ಕುಮಾರ ಅವರು ಹೊಸ ನಿಯಮ ಮಾಡಿದ್ದಾರೆ: ನಿಜವಾದ ಹೆಸರು, ಊರು, ಓದು ಇಲ್ಲದೆ ಇನ್ನು ಯಾರೂ ಬರೆಯುವಂತಿಲ್ಲ. ಚಿಕಿತ್ಸೆ ಹೇಳಿದವರು ಅದಕ್ಕೆ ಜವಾಬು ಹೇಳುವಂತಿರಬೇಕು, ಹೆಸರಿಲ್ಲದವರನ್ನು ಹಿಡಿದು ಏನು ಕೇಳುವುದು ಎನ್ನುತ್ತಾರೆ. ತಪ್ಪು ಎನ್ನಲು ನನಗೆ ಬಾಯಿಲ್ಲ.

ತಪ್ಪಿತಸ್ಥೆ,
ಹಂಸ

•

ಹಿರೀಸಾವೆ
7 ನವೆಂಬರ್ 2003

ಹಂಸ,

ನಿನಗೆ ನಾಚಿಕೆಯಾಗಬೇಕು. ನನ್ನ ಹೆಸರು ಬಿಡು ಎಂದಿದ್ದೆ, ಗಂಟು ಬಿಡು ಎಂದಿರಲಿಲ್ಲ. ಹಳ್ಳಿ ಕತೆಯಂತೆ ಕಾಣುತ್ತದಂತೆ. ನೀನು ಹೊಲಿಗೆ ಹಾಕುವ ಹಸುಗಳೇನು ಪಟ್ಟಣದಲ್ಲಿ ಹುಟ್ಟಿದವೇ?

ಎರಡು ದಿನದಿಂದ ಊಟ ಸೇರಿಲ್ಲ. ಸತ್ತ ಹಸುವಿನ ಬಣ್ಣ ಯಾವುದೋ, ಎಷ್ಟನೆಯ ಕರುವೋ ಎಂದು ಯೋಚನೆಯಾಗುತ್ತದೆ. ಅದರ ಯಜಮಾನನಿಗೆ ಗೊತ್ತಿರುವುದು ಹಗ್ಗದಿಂದ ಸತ್ತಿತೆಂದು ಮಾತ್ರ. ಇನ್ನೂ ಎಷ್ಟು ಜನ ಆ ಚಿತ್ರ ನೋಡಿಕೊಂಡು ಕಟ್ಟುತ್ತಿದ್ದಾರೋ.

ಹೆಸರಿಲ್ಲದಿರುವುದು ತಂಪಾಗಿದೆ ಎಂದು ಬರೆದಿದ್ದೆ. ತಂಪೇನೋ ಹೌದು, ಆದರೆ ಅಲ್ಲಿಂದ ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ.

ನನ್ನ ಹೆಸರು ಹಾಕು. ಪ್ರೇಮಕುಮಾರಿ, ಹಿರೀಸಾವೆ, ಪಶುವೈದ್ಯ ಪರೀಕ್ಷಕಿ, ಓದು ಪಿ.ಯು.ಸಿ. ಮತ್ತು ಇಲಾಖೆಯ ತರಬೇತಿ. ಒಂದಕ್ಷರ ಹೆಚ್ಚು ಬೇಡ, ಕಡಿಮೆಯೂ ಬೇಡ. ಗಂಟು ಬೋರಪ್ಪನದು ಎಂದೂ ಬರೆ. ಕೆಲಸ ಹೋದರೆ ಹೋಗಲಿ. ಭಯವಾಗುತ್ತಿದೆ, ಇಲ್ಲವೆನ್ನುವುದಿಲ್ಲ. ಆದರೆ ಇವತ್ತೇ ಹಾಕು.

ಪ್ರೇಮ

•

ಹೊಳೆನರಸೀಪುರ
19 ನವೆಂಬರ್ 2003

ಪ್ರೇಮ,

ಸಿಟ್ಟಿನಲ್ಲಾದರೂ ‘ನೀನು’ ಎಂದೆಯಲ್ಲ. ಒಂಬತ್ತು ವರ್ಷದಲ್ಲಿ ನನಗೆ ಬಂದ ಒಳ್ಳೆಯ ಕಾಗದ ಅದು.

ಕಾಗದ ಬಂದ ದಿನವೇ ನೀನು ಹೇಳಿದಂತೆ ಹಾಕಿದೆ. ಗಲಾಟೆ ಶುರುವಾಯಿತು. ಇಷ್ಟು ದಿನ ‘ಕೆಂದಿ ಸಾರ್’ ಎಂದವರು ಈಗ ಪರೀಕ್ಷಕಿಯೇ ಎಂದು ಮೂಗು ಮುರಿದರು. ಅದಾದರೂ ಪರವಾಗಿಲ್ಲ. ಕೆಂದಿ ಎಂದು ಬರೆಯುತ್ತಿದ್ದದ್ದು ನಾನೇ ಎಂದು ಒಪ್ಪಿಕೊಂಡೆನಲ್ಲ, ಮುರಳೀಕೃಷ್ಣ ಅದನ್ನೇ ಹಿಡಿದುಕೊಂಡರು. ಪರೀಕ್ಷಕಿಗೆ ಇದೆಲ್ಲ ಎಲ್ಲಿ ಬರಬೇಕು, ಬರೆದವರು ಹಂಸ ಅವರೇ, ಹಸು ಸತ್ತ ಮೇಲೆ ಪಾಪದ ಪರೀಕ್ಷಕಿಯ ತಲೆಗೆ ಕಟ್ಟುತ್ತಿದ್ದಾರೆ ಎಂದು ಬರೆದರು. ಸುಮಾರು ಜನ ಹೌದು ಹೌದು ಎಂದರು.

ಸಂಪತ್ಕುಮಾರ ಅವರು ಮೂವತ್ತನೇ ತಾರೀಖು ಭಾನುವಾರ ಚನ್ನರಾಯಪಟ್ಟಣದ ಛತ್ರದಲ್ಲಿ ಸೇರೋಣ, ಆಧಾರ ತನ್ನಿ ಎಂದಿದ್ದಾರೆ. ಆಧಾರ ಇದೆ. ನಿನ್ನ ಮಾರ್ಚ್ ತಿಂಗಳ ಇನ್‌ಲ್ಯಾಂಡ್ ಪತ್ರ. ನಿನ್ನ ಅಕ್ಷರ, ನಿನ್ನ ಚಿತ್ರ, ಕಗ್ಗಂಟು ಬೇಡವೆಂಬ ನಿನ್ನ ಮಾತು, ಮೇಲೆ ಹಿರೀಸಾವೆ ಅಂಚೆಯ ಮುದ್ರೆ, ತಾರೀಖು. ಇನ್ನೇನು ಬೇಕು.

ಆದರೆ ಇನ್‌ಲ್ಯಾಂಡ್ ಪತ್ರ ಒಂದೇ ಹಾಳೆ. ಮೇಲಿನ ಅರ್ಧದಲ್ಲಿ ಅರಕಲಗೂಡಿದೆ.

ಹಂಸ

•

ಹಿರೀಸಾವೆ
24 ನವೆಂಬರ್ 2003

ಹಂಸ,

ಮೇಲಿನ ಅರ್ಧ ಮಡಿಸಿ, ಕೆಳಗಿನದಷ್ಟೇ ತೋರಿಸು. ಅದು ನಿನ್ನ ನನ್ನ ನಡುವಿನದು. ಡಾಕ್ಟರುಗಳ ಮುಂದೆ ಒಗೆಯುವುದಕ್ಕೆ ನಾನು ಬರೆದದ್ದಲ್ಲ.

ನನಗೆ ಬರಲಾಗುವುದಿಲ್ಲ. ಆವತ್ತೇ ನನಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವ ಕೆಲಸ ಕೊಟ್ಟಿದ್ದಾರೆ. ಜೊತೆಗೆ ನೋಟಿಸೂ ಬಂದಿದೆ: ಮಿತಿ ಮೀರಿ ಚಿಕಿತ್ಸೆ ಮಾಡಿದ್ದಕ್ಕೆ ಏಕೆ ಕ್ರಮ ಕೈಗೊಳ್ಳಬಾರದು ಎಂದು. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಇವತ್ತು ಔಷಧಿ ಬೀರುವಿನ ಬೀಗದ ಕೈ ಮೇಜಿನ ಮೇಲಿಟ್ಟು ಸುಮ್ಮನೆ ನೋಡುತ್ತಾ ಕೂತಿದ್ದೆ.

ಬೋರಪ್ಪ ಬರುತ್ತಾನೆ. ಹಗ್ಗ ಅವನೇ ತರುತ್ತಾನೆ. ಅವನಿಗೆ ಕಾಫಿ ಕುಡಿಸು, ಸಕ್ಕರೆ ಜಾಸ್ತಿ.

ಪ್ರೇಮ

•

ಹೊಳೆನರಸೀಪುರ
1 ಡಿಸೆಂಬರ್ 2003

ಪ್ರೇಮ,

ಎಲ್ಲಿಂದ ಶುರುಮಾಡಲಿ. ಮೊದಲೇ ಹೇಳಿಬಿಡುತ್ತೇನೆ: ನೀನು ಗೆದ್ದೆ ಕಣೇ. ಈಗ ಕೂತು ನಿಧಾನವಾಗಿ ಓದು.

ಛತ್ರದಲ್ಲಿ ಅರವತ್ತು ಜನ ಡಾಕ್ಟರಿದ್ದರು. ಹಿಂದಿನ ಅಂಗಳದಲ್ಲಿ ಪಕ್ಕದ ಮನೆಯವರ ಹಸುವೊಂದನ್ನು ಕಟ್ಟಿಸಿದ್ದರು. ಬೋರಪ್ಪ ಒಗೆದ ಪಂಚೆ ಉಟ್ಟು, ಸೀರೆಹಗ್ಗವನ್ನು ಹೆಗಲ ಮೇಲೆ ಹಾಕಿಕೊಂಡು, ಮುಂದಿನ ಸಾಲಿನಲ್ಲೇ ಕೂತ.

ನಾನು ಪತ್ರ ತೆಗೆದೆ. ನೀನು ಹೇಳಿದ ಹಾಗೆ ಮೇಲಿನ ಅರ್ಧ ಮಡಿಸಿಕೊಂಡೇ ಹೋಗಿದ್ದೆ. ಸಂಪತ್ಕುಮಾರ ಅವರು ಮುದ್ರೆ ನೋಡಿದರು, ತಾರೀಖು ಗಟ್ಟಿಯಾಗಿ ಓದಿದರು. ಆಗ ಮುರಳೀಕೃಷ್ಣ, ಮಡಿಸಿದ ಭಾಗದಲ್ಲಿ ಏನಿದೆ, ಅರ್ಧ ಪತ್ರವನ್ನು ಆಧಾರವೆಂದು ಹೇಗೆ ಒಪ್ಪುವುದು ಎಂದರು. ಅವರು ಕೇಳಿದ್ದು ನ್ಯಾಯವೇ. ಸಂಪತ್ಕುಮಾರ ಅವರು ಒಳಗೆ ಕಣ್ಣಾಡಿಸಿ, ನನ್ನ ಮುಖ ನೋಡಿ, ಮೆಲ್ಲಗೆ “ಇದನ್ನ ಓದೋದು ಬೇಡಮ್ಮ, ನಾನು ನೋಡಿದ್ದೀನಿ, ಸಾಕು” ಎಂದರು.

ಅಲ್ಲಿಗೆ ಬಿಡಬಹುದಿತ್ತು. ಬಿಟ್ಟಿದ್ದರೆ ನಿನ್ನ ಹೆಸರು ಉಳಿಯುತ್ತಿತ್ತು, ನನ್ನದೂ ಉಳಿಯುತ್ತಿತ್ತು. ಆದರೆ ಎಲ್ಲರೂ ನಿಜವಾದ ಹೆಸರು ಹಾಕಬೇಕೆಂದು ಕೂತಿರುವ ಸಭೆಯಲ್ಲಿ ನಾನೊಬ್ಬಳು ಹಾಳೆ ಮಡಿಸಿಕೊಂಡು ನಿಲ್ಲುವುದೇ? “ನಾನೇ ಓದ್ತೀನಿ ಸಾರ್” ಎಂದು ಪತ್ರ ಈಸಿಕೊಂಡು ಪೂರ್ತಿ ಬಿಚ್ಚಿ ಓದಿದೆ. ಎಮ್ಮೆ, ಕರು, ಬಾವಿ, ಫೋಟೋ, ಕಪ್ಪೆ, ಯಾವುದನ್ನೂ ಬಿಡಲಿಲ್ಲ. ಆಮೇಲೆ ಗಂಟನ್ನು ಕತ್ತರಿಸಿದವಳು ನಾನು, ಆ ಹಸುವಿನ ಸಾವಿನಲ್ಲಿ ನನ್ನ ಪಾಲಿದೆ ಎಂದೂ ಹೇಳಿದೆ.

ಬೋರಪ್ಪನೇ ಎದ್ದು ಹಸು ಎಲ್ಲಿ ಎಂದ.

ಮೊದಲು ಮುರಳೀಕೃಷ್ಣ ತಮ್ಮ ಚಿತ್ರದಂತೆ ಕಟ್ಟಿದರು. ಹಸುವನ್ನು ಮಲಗಿಸಿದೆವು. ಹಗ್ಗ ಬಿಗಿದಲ್ಲೇ ಬಿಗಿದಿತ್ತು. ಸಂಪತ್ಕುಮಾರ ಅವರು ಕಿರುಬೆರಳು ತೂರಿಸಲು ನೋಡಿದರು, ಹೋಗಲಿಲ್ಲ. ಆಮೇಲೆ ಬೋರಪ್ಪ ಕಟ್ಟಿದ. ಹಸು ನಿಂತಾಗ ಬಿಗಿ. ಮಲಗಿಸಿದರೆ ಎರಡು ಬೆರಳು ಸಲೀಸಾಗಿ ಆಡಿದವು. ಬೋರಪ್ಪ ಹಸುವಿನ ಬೆನ್ನು ಸವರುತ್ತಾ, “ಎಳುದ್ರೆ ಬಿಗಿ, ಬುಟ್ರೆ ಸಡ್ಲ ಆಗ್ಬೇಕು ಸಾ. ಗಾಡಿ ಹುಲ್ಗೇ ಇಷ್ಟು ಮರ್ವಾದಿ ಮಾಡ್ತೀವಿ, ಬಾಣಂತಿ ಹಸೀಗೆ ಬ್ಯಾಡ್ವಾ?” ಎಂದ.

ಮುರಳೀಕೃಷ್ಣ ತಲೆ ತಗ್ಗಿಸಿ, “ನಾನು ಹಸುಗೆ ಕಟ್ಟಿ ನೋಡಿರಲಿಲ್ಲ” ಎಂದರು. ಮುಂದಿನ ಸಂಚಿಕೆಯಲ್ಲಿ ಸರಿಯಾದ ಗಂಟಿನ ಚಿತ್ರ, ನಿಮ್ಮಿಬ್ಬರ ಹೆಸರು, ಜೊತೆಗೆ ಕ್ಷಮೆ, ಮೂರನ್ನೂ ಅಚ್ಚು ಹಾಕಿಸುತ್ತೇನೆಂದು ಅಲ್ಲೇ ಬರೆದುಕೊಟ್ಟರು. ಆಮೇಲೆ ಅವರೇ ಬೋರಪ್ಪನ ಮುಂದೆ ಕೂತು ಗಂಟು ಕಲಿತರು. ಅವರ ಹಿಂದೆ ಅರವತ್ತು ಜನ ಸಾಲು ನಿಂತರು, ಪ್ರೇಮ. ಡಿಗ್ರಿ ಪಡೆದವರೆಲ್ಲ ಹಗ್ಗ ಹಿಡಿದು ಸರದಿಗೆ ಕಾಯುವುದನ್ನು ನೀನು ನೋಡಬೇಕಿತ್ತು. ನನಗೆ ಅಳು ಬಂತು. ಮುಚ್ಚಿಕೊಳ್ಳಲಿಲ್ಲ.

ಸಂಪತ್ಕುಮಾರ ಅವರು ನಿನ್ನ ನೋಟಿಸಿನ ವಿಷಯ ಕೇಳಿ ತಿಳಿದುಕೊಂಡರು. ನಿನ್ನ ಮೇಲಿನವರಿಗೆ ಬರೆದ ಮನವಿಗೆ ಅರವತ್ತೂ ಜನ ಸಹಿ ಹಾಕಿದರು. ಪ್ರತಿಯೊಬ್ಬರೂ ಪೂರ್ತಿ ಹೆಸರು, ಪೂರ್ತಿ ವಿಳಾಸ ಬರೆದರು. ಮೊದಲನೆಯ ಸಹಿ ನನ್ನದು.

ಹಂಸ

•

ಹಿರೀಸಾವೆ
19 ಜನವರಿ 2004

ಲೇ ಹಂಸಿ,

ಮಡಿಸು ಎಂದರೆ ಮಡಿಸುವವಳಲ್ಲ ನೀನು. ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಟ್ಟಿಲ್ಲ. ಮಡಿಕೆಯ ಕಡೆ ಹರಿದುಹೋಗಿದೆ.

ನೋಟಿಸು ವಾಪಸಾಯಿತು. ಅದನ್ನು ಕಳಿಸಿದ ಮೇಜಿನಿಂದಲೇ ಇನ್ನೊಂದು ಆದೇಶ ಬಂದಿದೆ: ಫೆಬ್ರವರಿಯಲ್ಲಿ ಹಾಸನಕ್ಕೆ ಹೋಗಿ ನಲವತ್ತು ಜನ ಪರೀಕ್ಷಕರಿಗೆ ಹಗ್ಗ ಕಟ್ಟುವುದನ್ನು ಕಲಿಸಬೇಕಂತೆ. ಬೋರಪ್ಪನೂ ಜೊತೆಗೆ. ಅವನಿಗೆ ಅಂಗಿ ಹೊಲಿಯಲು ಕೊಟ್ಟಾಗಿದೆ. ಪತ್ರಿಕೆಯ ಸಂಚಿಕೆಯೂ ಬಂತು. ‘ಬೋರಪ್ಪನ ಗಂಟು’ ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಅವನಿಗೆ ಓದಲು ಬರುವುದಿಲ್ಲ, ಆದರೂ ಆ ಪುಟವನ್ನು ಕೊಟ್ಟಿಗೆಯ ಗೋಡೆಗೆ ಅಂಟಿಸಿ, ಸಂಕ್ರಾಂತಿ ದಿನ ಕೆಂದಿಯನ್ನು ಕಿಚ್ಚು ಹಾಯಿಸುವ ಮೊದಲು ಅದಕ್ಕೂ ಕುಂಕುಮ ಇಟ್ಟ.

ಹೋದ ವಾರ ಚನ್ನರಾಯಪಟ್ಟಣದ ಇಂಟರ್ನೆಟ್ ಅಂಗಡಿಗೆ ಹೋಗಿ ನಾನೇ ಕೂಟಕ್ಕೆ ಸೇರಿದೆ. ಹೆಸರು ಕೇಳಿತು, ಹಾಕಿದೆ. ಊರು ಕೇಳಿತು, ಹಾಕಿದೆ. ಒಂದೊಂದು ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಕುತ್ತಿಗೆ ನೋವು ಬಂತು. ಆದರೆ ಪರದೆಯ ಮೇಲೆ ನನ್ನ ಹೆಸರು ನೋಡಿ, ಸುಳ್ಳೇಕೆ ಹೇಳಲಿ, ಬಹಳ ಹೆಮ್ಮೆಯಾಯಿತು.

ಕೆಂದಿಯ ಹೆಸರನ್ನು ತೆಗೆದುಹಾಕಲೇ ಎಂದು ಸಂಪತ್ಕುಮಾರ ಅವರು ಕೇಳಿದರು. ಬೇಡವೆಂದು ಬರೆದೆ. ನನ್ನ ಹಾಗೆ ಹೆದರಿ ಕೂತಿರುವ ಪರೀಕ್ಷಕರು ಊರಿಗೊಬ್ಬರಿದ್ದಾರೆ. ಅವರು ನಿನಗೆ ಹೆಸರು ತಿಳಿಸಿ, ಕೆಂದಿಯ ಹೆಸರಿನಲ್ಲಿ ಬರೆಯಲಿ. ನೀನು ಒಂದಕ್ಷರ ಕತ್ತರಿಸದೆ ಹಾಕು, ಜವಾಬು ನೀನು ಹೇಳು. ಧೈರ್ಯ ಬಂದಾಗ ಅವರೇ ತಮ್ಮ ಹೆಸರು ಹೇಳಿಕೊಳ್ಳುತ್ತಾರೆ. ನಿನ್ನನ್ನು ಕೇಳದೆ ಹೇಳಿಬಿಟ್ಟೆ. ಸಂಪತ್ಕುಮಾರ ಅವರು ಒಪ್ಪಿದ್ದಾರೆ.

ಇನ್ನೊಂದು. ನಿನ್ನೆ ಪತ್ರಿಕೆಯವರು ಬಂದಿದ್ದರು. ನನ್ನನ್ನು, ಬೋರಪ್ಪನನ್ನು, ಕೆಂದಿಯನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಲು ಹೊರಟರು. ನಾನು ಬೇಡವೆಂದೆ. ಇನ್ನೊಬ್ಬರು ಬರಬೇಕು, ಮುಂದಿನ ಭಾನುವಾರ ಬನ್ನಿ ಎಂದು ಕಳಿಸಿದ್ದೇನೆ.

ಬೆಳಗಿನ ಬಸ್ಸಿಗೇ ಹೊರಟು ಬಾ. ಈ ಸಲ ಫೋಟೋ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಬಾವಿಯ ಹತ್ತಿರ ತೋಳು ತೊಳೆಯೋಣ.

ನಿನ್ನ,
ಪ್ರೇಮ